ನರ್ಸಿಂಗ್ ಥಿಯರಿಯನ್ನು ವಾರ್ಡಿಗೆ ತರುವುದು ಹೇಗೆ?

ಹಾಸನದ ಒಂದು ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ವರ್ಷ. ಸಕಲೇಶಪುರದ ಕಡೆಯ ಕಾಫಿ ತೋಟದ ಕಾರ್ಮಿಕರೊಬ್ಬರು ಕಾಲಿನ ಹುಣ್ಣು ಮಾಯದೆ ದಾಖಲಾಗಿದ್ದರು. ಸಕ್ಕರೆ ಕಾಯಿಲೆ. ಹದಿನೈದು ದಿನ ಡ್ರೆಸ್ಸಿಂಗ್ ಮಾಡಿ ಮನೆಗೆ ಕಳಿಸುವಾಗ ಇನ್ಸುಲಿನ್ ಬಾಟಲಿ ಕೈಗಿತ್ತು, 'ಫ್ರಿಜ್ಜಿನಲ್ಲಿ ಇಡಿ' ಎಂದೆ. ಅವರು ತಲೆಯಾಡಿಸಿದರು. ತಿಂಗಳು ತುಂಬುವುದರೊಳಗೆ ಮತ್ತೆ ಬಂದರು; ಸಕ್ಕರೆ ಮೊದಲಿಗಿಂತಲೂ ಏರಿತ್ತು. ಔಷಧಿ ಎಲ್ಲಿಟ್ಟಿದ್ದಿರಿ ಎಂದು ಕೇಳಿದರೆ, 'ಒಲೆ ಮೇಲಿನ ಅಟ್ಟದಲ್ಲಿ ಕಣಮ್ಮ, ಒಂದು ಚೂರೂ ಶೀತ ತಾಗಿಲ್ಲ' ಎಂದರು. ತೋಟದ ಕಾರ್ಮಿಕರ ಸಾಲುಮನೆಗಳಲ್ಲೊಂದಾದ ಅವರ ಲೈನ್ ಮನೆಯಲ್ಲಿ ಫ್ರಿಜ್ಜೇ ಇರಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕೆಡಬಾರದ ವಸ್ತುವಿನ ಜಾಗ ಆ ಅಟ್ಟವೇ. ಒಲೆಯ ಬಿಸಿಗೆ ಇನ್ಸುಲಿನ್ ಕೆಟ್ಟಿತ್ತು. ಅವರು ಔಷಧಿಯನ್ನು ಜೋಪಾನ ಮಾಡಿದ್ದರು, ನಾನೇ ಅವರ ಮನೆ ಹೇಗಿದೆಯೆಂದು ಕೇಳಿರಲಿಲ್ಲ.

ಅಷ್ಟು ಹೊತ್ತಿಗೆ ಅಮೆರಿಕದ ನರ್ಸಿಂಗ್ ಚಿಂತಕಿ ಡೊರೊಥಿಯಾ ಓರೆಮ್ ಅವರ ಸ್ವ-ಆರೈಕೆ ಸಿದ್ಧಾಂತವನ್ನು ನಾನು ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದು, ಮರೆತೂ ಆಗಿತ್ತು. ಮರೆತದ್ದನ್ನು ಮತ್ತೆ ಕೈಗೆ ತಂದುಕೊಂಡ ಬಗೆ ಇದು. ಕೆಲಸಕ್ಕೆ ಹೊಸದಾಗಿ ಸೇರಿದವರು ಹೀಗೆ ಮಾಡಿ ನೋಡಬಹುದು.

ಮೊದಲು, ವಾರಕ್ಕೆ ಒಂದೇ ಒಂದು ಮಂಚ ಆರಿಸಿಕೊಳ್ಳಿ. ಇಡೀ ವಾರ್ಡಿಗೆ ಕೇರ್ ಪ್ಲಾನ್ (ಆರೈಕೆಯ ಯೋಜನೆ) ಬರೆಯಲು ಹೊರಟರೆ ಎರಡನೇ ದಿನಕ್ಕೇ ಪುಸ್ತಕ ಮೂಲೆ ಸೇರುತ್ತದೆ. ಬಹಳ ದಿನ ಇರುವ ರೋಗಿಯಾದರೆ ಒಳ್ಳೆಯದು.

ಎರಡನೆಯದಾಗಿ, ಆ ರೋಗಿಯ ಬಗ್ಗೆ ಓರೆಮ್ ಅವರ ಪ್ರಶ್ನೆ ಕೇಳಿಕೊಳ್ಳಿ: ಇವರು ತಮಗೆ ತಾವೇ ಏನೇನು ಮಾಡಿಕೊಳ್ಳಬಲ್ಲರು, ಎಲ್ಲಿ ಕೈಸೋಲುತ್ತದೆ? 1971ರಲ್ಲಿ ಪುಸ್ತಕವಾಗಿ ಬಂದ ಈ ಸಿದ್ಧಾಂತ ನರ್ಸ್ ಕೆಲಸವನ್ನು ಮೂರು ಬಗೆಯಾಗಿ ನೋಡುತ್ತದೆ. ಪ್ರಜ್ಞೆಯಿಲ್ಲದವರಿಗೆ ಎಲ್ಲವನ್ನೂ ನಾವೇ ಮಾಡುತ್ತೇವೆ. ಶಸ್ತ್ರಚಿಕಿತ್ಸೆಯ ಮಾರನೆಯ ದಿನ ಅರ್ಧ ನಾವು, ಅರ್ಧ ಅವರು. ಮೂರನೆಯದರಲ್ಲಿ ಮಾಡುವವರು ಅವರೇ, ನಾವು ಕಲಿಸಿ ಬೆನ್ನಿಗೆ ನಿಲ್ಲುವವರು. ನಮ್ಮಲ್ಲಿ ಸೊರಗಿರುವುದು ಈ ಮೂರನೆಯದೇ. ಡಿಸ್ಚಾರ್ಜ್ ಹೊತ್ತಿಗೆ ಆಟೊ ಬಂದು ನಿಂತಿರುತ್ತದೆ, ಬಿಲ್ಲಿನ ಗಡಿಬಿಡಿ ಇರುತ್ತದೆ, ಆ ಎರಡು ನಿಮಿಷದಲ್ಲಿ ನಾವು ಹೇಳಿದ್ದು ಕಿವಿಗೆ ಬೀಳುವುದಿಲ್ಲ.

ಆದ್ದರಿಂದ ಕಲಿಸುವುದನ್ನು ದಾಖಲಾದ ಮೂರನೆಯ ದಿನದಿಂದಲೇ ಶುರು ಮಾಡಿ. ಇನ್ಸುಲಿನ್ನನ್ನೇ ತೆಗೆದುಕೊಳ್ಳೋಣ. ಮೊದಲು ಮನೆಯ ಬಗ್ಗೆ ಕೇಳಿ: ಫ್ರಿಜ್ ಇದೆಯೇ, ರಾತ್ರಿ ಕರೆಂಟ್ ಇರುತ್ತದೆಯೇ, ಸೂಜಿ ಚುಚ್ಚುವವರು ಯಾರು, ಅವರ ಕಣ್ಣು ಸರಿ ಕಾಣುತ್ತದೆಯೇ? ಫ್ರಿಜ್ ಇಲ್ಲವೆಂದರೆ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಗಿಡುವುದನ್ನು ತೋರಿಸಿ. ಮಳೆಗಾಲದಲ್ಲಿ ಗಾಳಿಯೇ ಒದ್ದೆಯಾಗಿರುವುದರಿಂದ ಮಡಕೆ ಅಷ್ಟಾಗಿ ತಣಿಯದು, ಆದರೆ ಆಗ ಮನೆಯೇ ತಂಪಾಗಿರುತ್ತದೆ. ಮಡಕೆಯ ನಿಜವಾದ ಕೆಲಸ ಮಾರ್ಚ್, ಏಪ್ರಿಲ್ ತಿಂಗಳಲ್ಲಿ. ತೆರೆದ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರ ಬರುತ್ತದೆ. ತೆರೆದ ದಿನವನ್ನು ಅದರ ಮೇಲೇ ಪೆನ್ನಿನಿಂದ ಬರೆದುಕೊಡಿ.

ಸಿರಿಂಜಿನ ವಿಷಯದಲ್ಲಿ ಅವಸರ ಬೇಡ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುತ್ತದೆ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಕಿತ್ತಳೆ ಮುಚ್ಚಳದ್ದು 100 ಯೂನಿಟ್‌ನ ಔಷಧಿಗೆ. 100ರ ಔಷಧಿಯನ್ನು ಕೆಂಪು ಸಿರಿಂಜಿನಲ್ಲಿ ಅದೇ ಸಂಖ್ಯೆಯ ಗೆರೆಯವರೆಗೆ ಎಳೆದರೆ ಡೋಸ್ ಎರಡೂವರೆ ಪಟ್ಟಾಗುತ್ತದೆ; 40ರ ಔಷಧಿಯನ್ನು ಕಿತ್ತಳೆ ಸಿರಿಂಜಿನಲ್ಲಿ ಎಳೆದರೆ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಬಾಯಲ್ಲಿ ಹೇಳಿ ಬಿಡಬೇಡಿ. ಅವರ ಕೈಯಲ್ಲಿ ಸಿರಿಂಜು ಕೊಟ್ಟು, 'ಅಣ್ಣ, ಈಗ ನೀವು ನನಗೆ ಕಲಿಸಿ' ಎನ್ನಿ. ತಪ್ಪಿದ ಕಡೆ ನಾವು ಕಲಿಸಿದ್ದೂ ತಪ್ಪಿದೆ ಎಂದೇ ಲೆಕ್ಕ.

ಇನ್ನು ಬರೆಯುವುದು. ಪಾಳಿ ಒಪ್ಪಿಸಿದ ಮೇಲೆ ಐದು ನಿಮಿಷ, ಇನ್ನೂರು ಪುಟದ ಸಾದಾ ನೋಟ್‌ಬುಕ್ಕಿನಲ್ಲಿ. ಏನು ಕಂಡೆ, ಏನು ಅಂದುಕೊಂಡೆ, ಏನು ಮಾಡಿದೆ, ಫಲವೇನಾಯಿತು, ಮುಂದಿನ ಸಲ ಏನು ಬದಲಿಸುತ್ತೇನೆ. ರೋಗಿಯ ಹೆಸರು, ಐಪಿ ಸಂಖ್ಯೆ (ಒಳರೋಗಿಯ ದಾಖಲಾತಿ ಸಂಖ್ಯೆ) ಬೇಡವೇ ಬೇಡ. ನನ್ನ ಪುಸ್ತಕದ ಒಂದು ಸಾಲು ಹೀಗಿದೆ: 'ಬೆಡ್ 14. ಗಮ್‌ಬೂಟು ಹಾಕಿ ಎಂದೆ. ಬೂಟಿನೊಳಗೆ ಇಂಬಳ ಹೊಕ್ಕರೆ ತಿಳಿಯುವುದಿಲ್ಲ ಎಂದರು. ಕಾಲಿನ ಸ್ಪರ್ಶ ಹೋಗಿದೆ! ದಿನಾ ಸಂಜೆ ಮಗಳಿಂದ ಪಾದ ನೋಡಿಸಬೇಕು.' ಇಂಬಳದ ಮಾತೊಂದರಿಂದ ನರ ದುರ್ಬಲವಾಗಿರುವುದು ತಿಳಿಯಿತು, ಬೆಳಗಿನ ರೌಂಡ್ಸ್‌ನಲ್ಲಿ ವೈದ್ಯರಿಗೆ ತಿಳಿಸಿದೆ.

ಈ ಪುಸ್ತಕವನ್ನು ಆರು ತಿಂಗಳಿಗೊಮ್ಮೆ ತಿರುವಿ ಹಾಕಿ, ನರ್ಸ್ ಕಲಿಕೆಯಿಂದ ಪರಿಣತಿಗೆ ಏರುವ ಬಗೆಯನ್ನು ಅಮೆರಿಕದ ನರ್ಸಿಂಗ್ ಚಿಂತಕಿ ಪೆಟ್ರಿಷಿಯಾ ಬೆನ್ನರ್ ಅವರು 1984ರಲ್ಲಿ ಹೇಳಿದ ಐದು ಮೆಟ್ಟಿಲುಗಳ ಪಕ್ಕ ಇಟ್ಟು ನೋಡಿ. ಆರಂಭದ ಕಲಿಕೆಯವಳು ನಿಯಮ ಹಿಡಿದು ನಡೆಯುತ್ತಾಳೆ. ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ಪಳಗಿದವಳು ಯಾವುದು ಮೊದಲು, ಯಾವುದು ಆಮೇಲೆ ಎಂದು ತಾನೇ ನಿರ್ಧರಿಸುತ್ತಾಳೆ. ಕೊನೆಯ ಮೆಟ್ಟಿಲಿನವಳು ಬಾಗಿಲಲ್ಲಿ ನಿಂತೇ 'ಇವರು ಯಾಕೋ ಸರಿಯಿಲ್ಲ' ಎನ್ನುತ್ತಾಳೆ. ಹದಿನೈದು ವರ್ಷ ಹೆರಿಗೆ ವಾರ್ಡಿನಲ್ಲಿದ್ದವರನ್ನು ಐಸಿಯುಗೆ ಹಾಕಿದರೆ ಮತ್ತೆ ಕೆಳಗಿನ ಮೆಟ್ಟಿಲಿಗೇ ಇಳಿಯುತ್ತಾರೆ ಎಂಬುದೂ ಬೆನ್ನರ್ ಮಾತಿನಲ್ಲಿದೆ. ವರ್ಗಾವಣೆ ಪಟ್ಟಿ ಮಾಡುವವರು ಇದನ್ನು ಓದಿದ್ದರೆ ಚೆನ್ನಾಗಿತ್ತು.

ಕಾಗದದ ಕೆಲಸ ಕೊನೆಗೆ. ನೋಂದಣಿ ನವೀಕರಣಕ್ಕೆ ಐದು ವರ್ಷದಲ್ಲಿ 150 ಗಂಟೆಗಳ ನಿರಂತರ ಶಿಕ್ಷಣ ಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತು ಗೊತ್ತುಮಾಡಿದೆ. ವರ್ಷಕ್ಕೆ 30 ಗಂಟೆ. ಕೊನೆಯ ವರ್ಷಕ್ಕೆ ರಾಶಿ ಹಾಕಿಕೊಳ್ಳಬೇಡಿ. ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) ಮುಗಿಸಿದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ, ಅಲ್ಲಿಂದ ಎರಡು ವರ್ಷದ ಎಂಎಸ್ಸಿ ದಾರಿ ಇದೆ. ಯಾವ ವಿಷಯ ಹಿಡಿಯಬೇಕೆಂದು ಗೊತ್ತಾಗದಿದ್ದರೆ ನೋಟ್‌ಬುಕ್ ನೋಡಿ, ಕೈ ಯಾವ ರೋಗಿಗಳ ಬಗ್ಗೆ ಹೆಚ್ಚು ಬರೆದಿದೆಯೋ ಅದೇ. ಕಾರ್ಯಾಗಾರದ ಪ್ರಮಾಣಪತ್ರಗಳನ್ನು ಬಂದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಸಕಲೇಶಪುರದ ಮಳೆಗೆ ಬೀರುವಿನೊಳಗಿನ ಕಾಗದವೂ ಬೂಷ್ಟು ಹಿಡಿಯುತ್ತದೆ. ಇವಕ್ಕಾದರೆ ಒಲೆಯ ಮೇಲಿನ ಅಟ್ಟವೇ ಸರಿಯಾದ ಜಾಗ.