'ಒರಿಯುಂದೊ' ಕನ್ನಡಕ್ಕೆ ಬಂದದ್ದು ಹೀಗೆ

ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್ ಮೂರರಿಂದಲೂ ನಾನು ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಮೂರರಲ್ಲೂ 'ಇಂಥ ಕಡೆಯಿಂದ ಬಂದ' ಎಂಬರ್ಥದ 'ಒರಿಯುಂದೊ' ಎಂಬ ಪದ ಇದೆ, ಬರೆಯುವುದೂ ಒಂದೇ ರೀತಿ. ಆದರೂ ಅದಕ್ಕೆ ಎಲ್ಲ ಕಡೆ ಒಂದೇ ಕನ್ನಡ ಪದ ಹಾಕುವುದಿಲ್ಲ. ಮೊದಲು ನೋಡುವುದು, ಆ ವಾಕ್ಯ ಹುಟ್ಟಿದ ಊರನ್ನು ಹೇಳುತ್ತಿದೆಯೋ ಅಥವಾ ಮನೆತನ ಎದ್ದು ಬಂದ ಊರನ್ನೋ ಎಂದು.

ಪದ ಲ್ಯಾಟಿನ್‌ನ 'ಒರಿಯುಂದುಸ್'ನಿಂದ ಬಂದದ್ದು. ಉದಯಿಸು ಎಂಬರ್ಥದ ಕ್ರಿಯಾಪದ ಅದರ ಬೇರು. ರೋಮನ್ ಇತಿಹಾಸಕಾರ ಲಿವಿ, ಉತ್ತರ ಆಫ್ರಿಕಾದ ಕಾರ್ಥೇಜ್ ನಗರದ ಸೇನಾಪತಿ ಹ್ಯಾನಿಬಲ್‌ನ ದೂತರಾಗಿ ಸಿಸಿಲಿಯ ಸಿರಾಕ್ಯೂಸ್ ನಗರಕ್ಕೆ ಹೋದ ಹಿಪ್ಪೊಕ್ರಾಟಿಸ್, ಎಪಿಸೈಡಿಸ್ ಸೋದರರ ಬಗ್ಗೆ ಬರೆಯುತ್ತಾನೆ: ಹುಟ್ಟಿದ್ದು ಕಾರ್ಥೇಜಿನಲ್ಲಿ, ತಾಯಿಯ ಕಡೆಯಿಂದ ಕಾರ್ಥೇಜಿನವರೇ, ಆದರೆ 'ಒರಿಯುಂದುಸ್' ಸಿರಾಕ್ಯೂಸಿನಿಂದ, ಏಕೆಂದರೆ ಅಜ್ಜ ಅಲ್ಲಿಂದ ಗಡೀಪಾರಾದವನು. ಈ ಒಂದು ವಾಕ್ಯ ನನಗೆ ಯಾವ ನಿಘಂಟಿಗಿಂತಲೂ ಹೆಚ್ಚು ನೆರವಾಗಿದೆ.

ಇಟಲಿಯ ಫುಟ್ಬಾಲ್ ಬರಹಗಳಲ್ಲಿ ಇದೇ ಅರ್ಥ ಇನ್ನೂ ಜೀವಂತ. ಲೂಯಿಸ್ ಮೊಂಟಿ ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದವರು. 1930ರ ವಿಶ್ವಕಪ್ ಫೈನಲ್ ಅರ್ಜೆಂಟೀನಾ ಪರ ಆಡಿ ಸೋತರು, 1934ರ ಫೈನಲ್ ಇಟಲಿ ಪರ ಆಡಿ ಗೆದ್ದರು. ಇಂಥವರೇ 'ಒರಿಯುಂದಿ' ('ಒರಿಯುಂದೊ'ದ ಬಹುವಚನ), ವಲಸೆ ಹೋದ ಇಟಾಲಿಯನ್ನರ ಕುಡಿಗಳು. ಇಲ್ಲಿ ನಾನು 'ಇಟಲಿ ಮೂಲದ' ಎಂದೇ ಬರೆಯುತ್ತೇನೆ. ನಮ್ಮವರಿಗೆ ವಿವರಣೆ ಬೇಕಿಲ್ಲ. ಮುಂಬೈಯಲ್ಲೇ ಹುಟ್ಟಿ ಬೆಳೆದವರೂ ಮನೆತನದ ಮೂಲನಾಗನಿಗೆ ತನು (ಹಾಲು, ಎಳನೀರು) ಎರೆಯಲು ಉಡುಪಿ, ಮಂಗಳೂರು ಕಡೆಯ ಬನಗಳಿಗೆ ಬರುತ್ತಾರಲ್ಲ!

ಸ್ಪ್ಯಾನಿಷ್‌ನಲ್ಲಿ ಹಾಗಲ್ಲ. 'ಒರಿಯುಂದೊ ದೆ ಸೆವಿಯಾ' ಎಂದರೆ ಸಾಮಾನ್ಯವಾಗಿ ಸೆವಿಯಾದವರು, ಅಷ್ಟೇ. ಅಲ್ಲಿ 'ಮೂಲದ' ಎಂದರೆ ಅವರು ಊರು ಬಿಟ್ಟು ತಲೆಮಾರಾಯಿತೇನೋ ಅನ್ನಿಸುತ್ತದೆ. ಆದರೆ ಕ್ರೀಡಾಪುಟ ಬಂದರೆ ಎಚ್ಚರ ವಹಿಸುತ್ತೇನೆ. 1962ರಿಂದ 1973ರವರೆಗೆ ಸ್ಪೇನಿನ ಕ್ಲಬ್‌ಗಳು ವಿದೇಶಿ ಆಟಗಾರರನ್ನು ಹೊಸದಾಗಿ ತರುವಂತಿರಲಿಲ್ಲ. ಸ್ಪ್ಯಾನಿಷ್ ತಂದೆತಾಯಿಯ ಮಕ್ಕಳಿಗೆ ಮಾತ್ರ ವಿನಾಯಿತಿ. ಆ ಕಾಲದ 'ಒರಿಯುಂದೊ' ಕಾಗದಪತ್ರ ತೋರಿಸಿ ಸಾಬೀತು ಮಾಡಬೇಕಾದ ಹಕ್ಕು. ಅಲ್ಲಿ 'ಸ್ಪ್ಯಾನಿಷ್ ಸಂತತಿಯ' ಎಂದು ಬಿಡಿಸಿ ಬರೆಯುತ್ತೇನೆ.

ಬ್ರೆಜಿಲ್‌ನ ಪೋರ್ಚುಗೀಸ್ ಭಾಷೆಯ ಸರ್ಕಾರಿ ಕಡತಗಳಲ್ಲಿ ಮನುಷ್ಯರಷ್ಟೇ ಅಲ್ಲ, ಹಣವೂ 'ಒರಿಯುಂದೊ'. ಅಲ್ಲಿ 'ತೆರಿಗೆ ಮೂಲದ ಸಂಪನ್ಮೂಲ' ಎಂದು ಹೆಣಗುವುದು ಬೇಡವೇ ಬೇಡ. 'ತೆರಿಗೆಯಿಂದ ಬಂದ ಹಣ' ಎಂದರೆ ಸಾಕು; ಇಡೀ ಪದದ ಕೆಲಸವನ್ನು 'ಇಂದ' ಪ್ರತ್ಯಯವೇ ಮಾಡಿ ಮುಗಿಸುತ್ತದೆ.