ಎರಡು ಹಳದಿ ಆಂಪೂಲ್

ನಾನು ಅರವತ್ತು ಹಾಸಿಗೆಯ ಆಸ್ಪತ್ರೆಯೊಂದರ ಆಡಳಿತಾಧಿಕಾರಿ. ಸುತ್ತಲಿನ ಹಳ್ಳಿಗಳಿಂದ ಹೆರಿಗೆ, ಹರ್ನಿಯಾ, ಮೂಳೆ ಮುರಿತ ಅಂತ ಜನ ಬರುತ್ತಾರೆ. ಇದು ಕೆಲವು ವರ್ಷಗಳ ಹಿಂದಿನ ಒಂದು ಬುಧವಾರ ನಡೆದದ್ದು.

ಬೆಳಿಗ್ಗೆ ಎಂಟು ಗಂಟೆ. ಸಿಎಸ್‌ಎಸ್‌ಡಿ ಟೆಕ್ನಿಷಿಯನ್ ನನ್ನ ಕೋಣೆಗೆ ಬಂದರು. ಆಪರೇಷನ್ ಸಾಮಾನುಗಳನ್ನು ತೊಳೆದು ಸ್ಟೆರಿಲೈಸ್ ಮಾಡುವ ವಿಭಾಗ ಅದು. ಅವರ ಕೈಯಲ್ಲಿ ಎರಡು ಆಂಪೂಲ್, ಅಂದರೆ ಮುಚ್ಚಿದ ಪುಟ್ಟ ಸೀಸೆಗಳು, ಇದ್ದವು. ಎರಡೂ ಹಳದಿ. "ಮೇಡಂ, ಇದರಲ್ಲಿ ಒಂದು ನೇರಳೆ ಇರಬೇಕಿತ್ತು" ಅಂದರು. ದನಿ ನಡುಗುತ್ತಿತ್ತು.

ಬಿಸಿ ಹಬೆಯಿಂದ ಸಾಮಾನು ಸ್ಟೆರಿಲೈಸ್ ಮಾಡುವ ಮಷೀನಿಗೆ ಆಟೋಕ್ಲೇವ್ ಅನ್ನುತ್ತಾರೆ. ಪ್ರತಿ ಸೋಮವಾರ ಅದಕ್ಕೆ ಸ್ಪೋರ್ ಟೆಸ್ಟ್ ಹಾಕುತ್ತೇವೆ. ಆಂಪೂಲ್ ಒಳಗೆ ಬಿಸಿಗೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾದ ಸ್ಪೋರ್‌ಗಳಿರುತ್ತವೆ. ಮಷೀನಿನಿಂದ ಹೊರಬಂದ ಮೇಲೆ ಅದನ್ನು ಇನ್‌ಕ್ಯುಬೇಟರ್‌ನಲ್ಲಿ 48 ಗಂಟೆ ಇಡಬೇಕು. ಸ್ಪೋರ್ ಸತ್ತಿದ್ದರೆ ಬಣ್ಣ ನೇರಳೆಯಾಗಿಯೇ ಉಳಿಯುತ್ತದೆ. ಬದುಕಿದ್ದರೆ ಹಳದಿ. ಮಷೀನಿಗೆ ಹಾಕದ ಇನ್ನೊಂದು ಆಂಪೂಲನ್ನು ಹೋಲಿಕೆಗೆ ಇಟ್ಟಿರುತ್ತೇವೆ, ಅದು ಹಳದಿ ಆಗಲೇಬೇಕು. ಎರಡೂ ಹಳದಿಯಾದರೆ ಆ ಮಷೀನನ್ನು ನಂಬುವ ಹಾಗಿಲ್ಲ. ಪ್ಯಾಕ್ ಮೇಲಿನ ಟೇಪ್‌ನ ಗೆರೆಗಳೇನೋ ಕಪ್ಪಾಗಿದ್ದವು. ಆದರೆ ಟೇಪ್ ಹೊರಗಿನ ಬಿಸಿಯನ್ನಷ್ಟೇ ತೋರಿಸುತ್ತದೆ. ಪ್ಯಾಕ್ ಒಳಗೆ ಏನಾಯಿತು ಅಂತ ಅದಕ್ಕೆ ಗೊತ್ತಿಲ್ಲ.

ಹಿಂದಿನ ವಾರದ ಟೆಸ್ಟ್ ಸರಿ ಇತ್ತು. ಅಲ್ಲಿಂದೀಚೆಗಿನ ಎಲ್ಲ ಲೋಡ್‌ಗಳನ್ನೂ ಅನುಮಾನದಿಂದಲೇ ನೋಡಬೇಕು. ರಿಜಿಸ್ಟರ್ ತೆಗೆದು ಎಣಿಸಿದೆವು. ಆ ಲೋಡ್‌ಗಳ ಸಾಮಾನುಗಳಿಂದ 23 ಜನರಿಗೆ ಆಪರೇಷನ್ ಆಗಿತ್ತು.

ಮಷೀನ್ ನಿಲ್ಲಿಸಿದೆ. ಉಳಿದ ಪ್ಯಾಕ್‌ಗಳನ್ನೆಲ್ಲ ವಾಪಸ್ ತರಿಸಿದೆ. ಅವತ್ತಿನ ನಾಲ್ಕು ಆಪರೇಷನ್ ಮುಂದಕ್ಕೆ ಹಾಕಿದೆವು. ತುರ್ತು ಸಿಸೇರಿಯನ್‌ಗೆ ಚಿಕ್ಕ ಆಟೋಕ್ಲೇವ್ ಇತ್ತು, ಅದರ ಟೆಸ್ಟ್ ಸರಿ ಬಂದಿತ್ತು. ಇಷ್ಟಕ್ಕೆ ಯಾರೂ ತಕರಾರು ಮಾಡಲಿಲ್ಲ.

ಮಧ್ಯಾಹ್ನ ಬಂದ ಎಂಜಿನಿಯರ್ ತಮ್ಮ ಬ್ಯಾಗಿನಿಂದ ಒಂದು ಬೋವಿ-ಡಿಕ್ ಹಾಳೆ ತೆಗೆದು ಮಷೀನಿಗೆ ಹಾಕಿದರು. ಹಬೆ ಒಳಗೆಲ್ಲ ತಲುಪಿದರೆ ಆ ಹಾಳೆಯ ಬಣ್ಣ ಎಲ್ಲ ಕಡೆ ಒಂದೇ ಸಮ ಬದಲಾಗಬೇಕು. ಹೊರಬಂದಾಗ ಹಾಳೆಯ ಅಂಚು ಕಪ್ಪು, ನಡುವೆ ಮಾಸಲು. ವ್ಯಾಕ್ಯೂಮ್ ಪಂಪ್ ಸೋತಿತ್ತು. ಪ್ಯಾಕ್ ಒಳಗಿನ ಗಾಳಿ ಪೂರ್ತಿ ಹೊರಗೆ ಬರುತ್ತಿರಲಿಲ್ಲ. ಗಾಳಿ ನಿಂತಲ್ಲಿಗೆ ಹಬೆ ಹೋಗುವುದಿಲ್ಲ. ಮೀಟರ್ ಮಾತ್ರ 134 ಡಿಗ್ರಿ ತೋರಿಸುತ್ತಿತ್ತು. "ಈ ಹಾಳೆ ದಿನಾ ಬೆಳಿಗ್ಗೆ ಹಾಕ್ತಿಲ್ವಾ?" ಅಂತ ಅವರು ಕೇಳಿದರು.

ಹಾಕುತ್ತಿರಲಿಲ್ಲ. ಹಾಳೆ ಮುಗಿದು ಮೂರು ವಾರ ಆಗಿತ್ತು. ಹೊಸದಕ್ಕೆ ಬಂದ ಇಂಡೆಂಟ್, ಅಂದರೆ ಖರೀದಿಯ ಬೇಡಿಕೆ ಪತ್ರ, ನನ್ನ ಟೇಬಲ್ ಮೇಲೇ ಇತ್ತು. "ಮುಂದಿನ ತಿಂಗಳು ನೋಡೋಣ" ಅಂತ ಬರೆದು ಸಹಿ ಹಾಕಿದ್ದು ನಾನೇ. ಆ ತಿಂಗಳು ಖರ್ಚು ಕಡಿಮೆ ಮಾಡಬೇಕಿತ್ತು. ವಾರಕ್ಕೊಮ್ಮೆ ಸ್ಪೋರ್ ಟೆಸ್ಟ್ ಇದೆಯಲ್ಲ, ಸಾಕು ಅಂದುಕೊಂಡಿದ್ದೆ.

ಸಂಜೆ ಮೀಟಿಂಗ್. ಆಸ್ಪತ್ರೆಯ ಮಾಲೀಕರು, ಸರ್ಜನ್, ಹೆರಿಗೆ ಡಾಕ್ಟರು, ನಾನು. ಸರ್ಜನ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸಾಮಾನುಗಳನ್ನು ಚೆನ್ನಾಗಿ ತೊಳೆದಿರುತ್ತಾರೆ, ಬಿಸಿ ತಾಗಿದೆ, ರೋಗಿಗಳಿಗೆ ಆಂಟಿಬಯೋಟಿಕ್ ಹೋಗಿದೆ, ಸೋಂಕಿನ ಸಾಧ್ಯತೆ ತುಂಬಾ ಕಡಿಮೆ. "ಸುಮ್ನೆ ಯಾಕೆ ಹೆದರಿಸಬೇಕು?" ಅಂದರು. ಮಾಲೀಕರಿಗೆ ಊರಲ್ಲಿ ಸುದ್ದಿ ಹಬ್ಬುವ ಚಿಂತೆ. ಅದನ್ನೂ ನಾನು ತಪ್ಪು ಅನ್ನುವುದಿಲ್ಲ. ನೂರಕ್ಕೂ ಜಾಸ್ತಿ ಜನರ ಸಂಬಳ ಅವರ ತಲೆ ಮೇಲಿತ್ತು.

ಆಗ ಒಂದು ಸಲಹೆ ಬಂತು. ಎಲ್ಲರನ್ನೂ "ಫ್ರೀ ಚೆಕಪ್" ಅಂತ ಕರೆಸೋಣ, ರಕ್ತ ತೆಗೆದು ಎಚ್‌ಐವಿ, ಹೆಪಟೈಟಿಸ್ ಟೆಸ್ಟ್ ಮಾಡೋಣ, ಏನಾದರೂ ಬಂದರೆ ಆಗ ಹೇಳೋಣ. ಒಂದು ಕ್ಷಣ ನನಗೂ ಇದೇ ಸರಿ ಅನ್ನಿಸಿತು. ರೋಗಿಗೆ ಪರೀಕ್ಷೆ ಸಿಗುತ್ತದೆ, ನಮಗೆ ಮುಜುಗರ ಇಲ್ಲ. ಆದರೆ ತಿಳಿಸಿ ಒಪ್ಪಿಗೆ ಪಡೆಯದೆ ಎಚ್‌ಐವಿ ಟೆಸ್ಟ್ ಮಾಡುವ ಹಾಗಿಲ್ಲ, 2017ರ ಕಾಯ್ದೆ ಇದೆ. ಅದನ್ನೇ ಮೊದಲು ಹೇಳಿದೆ. ಕಾನೂನಿನ ಮಾತು ಬಂದರೆ ಜನ ಕೇಳುತ್ತಾರೆ. ಆದರೆ ನನಗೆ ಕಾಡಿದ್ದು ಬೇರೆ. ನಮ್ಮ ತಪ್ಪಿಗೆ ಅವರ ಮೈಯಿಂದ ರಕ್ತ ತೆಗೆದು, ಯಾಕೆ ಅಂತ ಅವರಿಗೇ ಹೇಳದೆ ಇರುವುದು ಹೇಗೆ?

ಆದರೂ ವಾದ ಮುಗಿಯಲಿಲ್ಲ. ಕೊನೆಗೆ ಆ ಇಂಡೆಂಟ್ ಹಾಳೆಯನ್ನು ಮೇಜಿನ ಮೇಲೆ ಇಟ್ಟೆ. "ಇದನ್ನು ತಡೆದದ್ದು ನಾನು. ವರದಿಯಲ್ಲಿ ಹೀಗೇ ಬರೆಯುತ್ತೇನೆ. ರೋಗಿಗಳಿಗೂ ನಾನೇ ಹೇಳುತ್ತೇನೆ" ಅಂದೆ. ಬಾಯಿ ಒಣಗಿತ್ತು. ಕೆಲಸ ಹೋಗುತ್ತದೆ ಅಂತಲೇ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಸರ್ಜನ್, "ಒಬ್ಬರೇ ಬೇಡ, ನಾನೂ ಬರ್ತೀನಿ" ಅಂದರು. ಮಾಲೀಕರು ಬೇಡ ಅನ್ನಲಿಲ್ಲ.

ರಾತ್ರಿ ಕೂತು ಹೇಳಬೇಕಾದ ಮಾತು ಬರೆದುಕೊಂಡೆವು. ಏನಾಯಿತು, ಅಪಾಯ ಎಷ್ಟು ಕಡಿಮೆ, ಏನೇನು ಟೆಸ್ಟ್, ಖರ್ಚು ಆಸ್ಪತ್ರೆಯದ್ದು, ಯಾರಿಗೆ ಫೋನ್ ಮಾಡಬೇಕು. "ತಾಂತ್ರಿಕ ಕಾರಣ" ಅನ್ನುವ ಪದವನ್ನು ಎರಡು ಸಲ ಹೊಡೆದು ಹಾಕಿದೆ. ವಾರ್ಡಿನಲ್ಲಿದ್ದವರಿಗೆ ಮಂಚದ ಪಕ್ಕ ಕೂತೇ ಹೇಳಿದೆವು. ಮನೆಗೆ ಹೋದವರನ್ನು ಕರೆಸಿದೆವು. ಫೋನಿನಲ್ಲಿ ಯಾಕೆ ಅಂತ ಕೇಳಿದವರಿಗೆ ಅಲ್ಲೇ ನಿಜ ಹೇಳಿದೆವು.

ಒಬ್ಬರ ಮಗ ಫೈಲ್ ಎಸೆದು ಕೂಗಾಡಿದ. ನಾವು ಎದುರು ಮಾತಾಡಲಿಲ್ಲ. ಒಬ್ಬ ಅಜ್ಜ, "ಹೇಳಿದ್ರಲ್ಲ ಬಿಡಿ" ಅಂದರು. ಸಿಸೇರಿಯನ್ ಆದ ಒಬ್ಬ ಹೆಣ್ಣುಮಗಳು ಎಲ್ಲ ಕೇಳಿ, "ಮಗೂಗೆ ಹಾಲು ಕುಡಿಸಬಹುದಾ?" ಅಂದಳು. ಎಲ್ಲ ಬರೆದುಕೊಂಡಿದ್ದ ನಮ್ಮ ಚೀಟಿಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಹೆರಿಗೆ ಡಾಕ್ಟರನ್ನು ಕರೆದೆ. ಅವರು ಅವಳ ಪಕ್ಕ ಅರ್ಧ ಗಂಟೆ ಕೂತರು. ಆ ಅರ್ಧ ಗಂಟೆ ನಾನು ಬಾಗಿಲ ಹೊರಗೆ ನಿಂತಿದ್ದೆ. ನೂರಾರು ಬಿಲ್ ತಿರುವಿ ಹಾಕುವ ನನಗೆ ಒಂದು ಇಂಡೆಂಟ್ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಅವತ್ತು ಕಾಣಿಸಿತು.

ಗಾಯಗಳನ್ನು 30 ದಿನ ನೋಡಿದೆವು. ಮೂಳೆಗೆ ಪ್ಲೇಟ್ ಹಾಕಿದ್ದ ನಾಲ್ವರನ್ನು 90 ದಿನ. ರಕ್ತ ಪರೀಕ್ಷೆ ಮೊದಲೊಮ್ಮೆ, ಮೂರು ತಿಂಗಳಿಗೆ, ಆರು ತಿಂಗಳಿಗೆ. ನನ್ನ ಕೆಲಸ ಉಳಿಯಿತು. ಬೋವಿ-ಡಿಕ್ ಹಾಳೆ ಈಗ ದಿನಾ ಬೆಳಿಗ್ಗೆ ಮೊದಲ ಲೋಡ್‌ಗೆ ಮುಂಚೆ ನನ್ನ ಟೇಬಲ್‌ಗೆ ಬರುತ್ತದೆ. ಅದರ ಖರೀದಿಗೆ ನನ್ನ ಸಹಿ ಬೇಕಿಲ್ಲ, ಆ ನಿಯಮ ನಾನೇ ತೆಗೆಸಿದೆ. ಆಂಪೂಲ್ ಹಿಡಿದು ಬಂದ ಟೆಕ್ನಿಷಿಯನ್‌ಗೆ ಮಷೀನ್ ನಿಲ್ಲಿಸಲು ಯಾರ ಅನುಮತಿಯೂ ಬೇಡ.

ಇಪ್ಪತ್ತೆರಡು ಜನರ ಆರು ತಿಂಗಳ ರಿಪೋರ್ಟ್ ನೆಗೆಟಿವ್ ಬಂತು. ಉಳಿದ ಒಬ್ಬರು ಗಾರೆ ಕೆಲಸದವರು. ಮೂರು ತಿಂಗಳ ಟೆಸ್ಟ್ ಆದ ಮೇಲೆ ಕೆಲಸ ಹುಡುಕಿಕೊಂಡು ಗೋವಾಕ್ಕೆ ಹೋದರು. ಮನೆಯವರ ಹತ್ತಿರವೂ ಬೇರೆ ನಂಬರ್ ಇಲ್ಲ. ಅವರ ಫೈಲ್ ನನ್ನ ಡ್ರಾಯರ್‌ನಲ್ಲಿದೆ. ತಿಂಗಳಿಗೊಮ್ಮೆ ಆ ಹಳೇ ನಂಬರಿಗೇ ಫೋನ್ ಮಾಡುತ್ತೇನೆ.