ಪಾಚಿಯಿಂದ ಡೀಸೆಲ್ ತೆಗೆಯುವುದು ಹೇಗೆ?

ಯಾವ ಪಾಚಿ ಬೆಳೆಸುತ್ತೀರಿ ಎಂಬುದು ಮೊದಲು ತೀರ್ಮಾನವಾಗಲಿ. ನಮ್ಮಲ್ಲಿ ಹೆಚ್ಚು ಪರಿಚಿತವಾದದ್ದು ಸ್ಪಿರುಲಿನಾ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ದಶಕಗಳಿಂದ ಅದರ ಮೇಲೆ ಕೆಲಸ ಮಾಡಿದೆ. ಆದರೆ ಅದರ ಒಣತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನೇ, ಎಣ್ಣೆ ತೀರಾ ಕಡಿಮೆ. ಡೀಸೆಲ್‌ಗಾದರೆ ಸಿಹಿನೀರಿನ ಕ್ಲೋರೆಲ್ಲಾ, ಉಪ್ಪುನೀರಿನ ನ್ಯಾನೊಕ್ಲೋರಾಪ್ಸಿಸ್‌ನಂಥವು ಬೇಕು.

ಹಂತ 1: ಹೆಪ್ಪು. ಶುದ್ಧ ತಳಿಯನ್ನು ಫ್ಲಾಸ್ಕಿನಲ್ಲಿ ಬೆಳೆಸಿ, ಅಲ್ಲಿಂದ ಕ್ಯಾನಿಗೆ, ಕ್ಯಾನಿನಿಂದ ತೊಟ್ಟಿಗೆ ದಾಟಿಸಿ. ಪ್ರತಿ ಸಲವೂ ಹೊಸ ನೀರಿನ ಹತ್ತನೇ ಒಂದು ಪಾಲಿನಷ್ಟಾದರೂ ಹೆಪ್ಪು ಇರಲಿ. ಕಡಿಮೆಯಾದರೆ ಬೇಡದ ಜೀವಿಗಳು ಮೇಲುಗೈ ಪಡೆಯುತ್ತವೆ.

ಹಂತ 2: ತೊಟ್ಟಿ. ನೀರಿನ ಆಳ 20–30 ಸೆಂ.ಮೀ. ಸಾಕು. ಪಾಚಿ ದಟ್ಟವಾದಂತೆ ಬಿಸಿಲು ಕೆಳಗಿಳಿಯುವುದಿಲ್ಲ. ಅದಕ್ಕೇ ನೀರನ್ನು ಚಕ್ರದಿಂದ ಸದಾ ತಿರುಗಿಸುತ್ತಿರಬೇಕು. ಸಾರಜನಕ, ರಂಜಕ ಹಾಕಿ, ಇಂಗಾಲದ ಡೈಆಕ್ಸೈಡ್ ಗುಳ್ಳೆ ಬಿಡಿ. ಒಂದು ಕಿಲೋ ಒಣಪಾಚಿ ಬೆಳೆಯಲು ಸುಮಾರು 1.8 ಕಿಲೋ ಅನಿಲ ಬೇಕು. ದಿನವೂ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಪಾಚಿ ತಿನ್ನುವ ರೋಟಿಫರ್‌ಗಳು ಹೆಚ್ಚಿದರೆ ಕೆಲವೇ ದಿನಗಳಲ್ಲಿ ತೊಟ್ಟಿಯ ಹಸಿರೇ ಹೋಗಿಬಿಡುತ್ತದೆ.

ಹಂತ 3: ಉಪವಾಸ. ಪಾಚಿ ಚೆನ್ನಾಗಿ ಬೆಳೆದ ಮೇಲೆ ಸಾರಜನಕ ನಿಲ್ಲಿಸಿ. ಕೋಶಗಳು ಒಂದು ಎರಡಾಗಿ ಹೆಚ್ಚಾಗುವುದನ್ನು ಬಿಟ್ಟು ಎಣ್ಣೆ ಕೂಡಿಡುತ್ತವೆ. ಆದರೆ ಬೆಳವಣಿಗೆಯೂ ನಿಲ್ಲುತ್ತದೆ. 1978ರಿಂದ 1996ರವರೆಗೆ ಅಮೆರಿಕ ಸರ್ಕಾರ ನಡೆಸಿದ ಪಾಚಿ ಇಂಧನ ಯೋಜನೆಗೂ ಎದುರಾದದ್ದು ಇದೇ ತೊಡಕು: ಎಣ್ಣೆಯ ಪಾಲು ಏರಿದರೂ ಒಟ್ಟು ಎಣ್ಣೆ ಏರಲಿಲ್ಲ.

ಹಂತ 4: ಕೊಯ್ಲು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಸೋಲು ಗೆಲುವು ಇಲ್ಲೇ ಇದೆ. ತೆರೆದ ತೊಟ್ಟಿಯ ಒಂದು ಲೀಟರ್ ನೀರಿನಲ್ಲಿ ಅರ್ಧ ಗ್ರಾಂ ಒಣಪಾಚಿ, ಅದರಲ್ಲಿ ಕಾಲುಭಾಗ ಎಣ್ಣೆ ಎಂದಿಟ್ಟುಕೊಳ್ಳಿ. ಒಂದು ಲೀಟರ್ ಡೀಸೆಲ್‌ಗೆ ಮೂರೂವರೆ ಕಿಲೋ ಪಾಚಿ, ಅಂದರೆ ಸುಮಾರು 7,000 ಲೀಟರ್ ನೀರು ಸೋಸಬೇಕು! ಅಷ್ಟನ್ನೂ ವೇಗವಾಗಿ ತಿರುಗಿಸಿ ನೀರು ಬೇರ್ಪಡಿಸುವ ಸೆಂಟ್ರಿಫ್ಯೂಜ್‌ಗೆ ಹಾಕಿದರೆ ಕರೆಂಟ್ ಖರ್ಚೇ ಲಾಭವನ್ನು ನುಂಗುತ್ತದೆ. ಮೊದಲು ಸಿಗಡಿ ಚಿಪ್ಪಿನಿಂದ ತಯಾರಿಸುವ ಕೈಟೊಸಾನ್ ಹಾಕಿ ಪಾಚಿಯನ್ನು ತಳಕ್ಕಿಳಿಸಿ, ಮೇಲಿನ ತಿಳಿ ಬಸಿದು, ಉಳಿದ ಗಸಿಯನ್ನಷ್ಟೇ ಸೆಂಟ್ರಿಫ್ಯೂಜ್‌ಗೆ ಕೊಡಿ. ಪಟಿಕವೂ ಆಗುತ್ತದೆ, ಆದರೆ ಅದರ ಅಲ್ಯೂಮಿನಿಯಂ ಹಿಂಡಿಯಲ್ಲಿ ಉಳಿಯುವುದರಿಂದ ದನಕ್ಕೆ ಹಾಕುವಂತಿಲ್ಲ.

ಹಂತ 5: ಎಣ್ಣೆ, ಡೀಸೆಲ್. ಒಣಗಿಸಿದ ಪಾಚಿಯ ಕೋಶ ಒಡೆದು, ಎಣ್ಣೆ ಕರಗಿಸುವ ದ್ರವವಾದ ಹೆಕ್ಸೇನ್‌ನಿಂದ ಎಣ್ಣೆ ತೆಗೆಯುತ್ತಾರೆ. ಅದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕರಗಿಸಿದ ಮೆಥನಾಲ್ ಬೆರೆಸಿ ಸುಮಾರು 60 ಡಿಗ್ರಿಯಲ್ಲಿ ಕಲಕಿದರೆ ಮೇಲೆ ಬಯೋಡೀಸೆಲ್, ತಳದಲ್ಲಿ ಗ್ಲಿಸರಿನ್. ಇದನ್ನು ಮನೆಯಲ್ಲಿ ಖಂಡಿತ ಮಾಡಬೇಡಿ. ಮೆಥನಾಲ್ ವಿಷ, ಹೆಕ್ಸೇನ್ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಕಾಲೇಜಿನ ಪ್ರಯೋಗಾಲಯವೇ ಸರಿಯಾದ ಜಾಗ.

ಬರೀ ಡೀಸೆಲ್ ನಂಬಿ ತೊಟ್ಟಿ ಕಟ್ಟಬೇಡಿ ಎಂದು ಒತ್ತಿ ಹೇಳುತ್ತೇನೆ. ಬೆಲೆಬಾಳುವುದನ್ನು ಮೊದಲು ತೆಗೆಯಿರಿ. ಸ್ಪಿರುಲಿನಾದಿಂದ ನೀಲಿ ಬಣ್ಣದ ಫೈಕೊಸಯನಿನ್, ಉಪ್ಪುನೀರಿನ ಡುನಾಲಿಯೆಲ್ಲಾದಿಂದ ಬೀಟಾ ಕ್ಯಾರೊಟಿನ್, ಹೆಮಟೊಕಾಕಸ್‌ನಿಂದ ಕೆಂಪು ಅಸ್ಟಾಕ್ಸಾಂತಿನ್ ಸಿಗುತ್ತವೆ. ಇವೆಲ್ಲ ಡೀಸೆಲ್‌ಗಿಂತ ಎಷ್ಟೋ ಪಟ್ಟು ದುಬಾರಿ. ಬಣ್ಣ, ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿ ಬಯೋಗ್ಯಾಸ್ ಗುಂಡಿಗೆ ಹೋಗಲಿ. ಅಲ್ಲಿಂದ ಬರುವ ಬಗ್ಗಡದಲ್ಲಿ ಸಾರಜನಕ, ರಂಜಕ ಎರಡೂ ಇರುತ್ತವೆ. ಅದನ್ನು ಸೋಸಿ ಮುಂದಿನ ಬೆಳೆಗೆ ಗೊಬ್ಬರವಾಗಿ ತೊಟ್ಟಿಗೇ ಬಿಡಬಹುದು.